ಸಂಘ ಯಾರದು? ಒಂದು ಬಸ್ಸಿನವನದೋ, ಇಪ್ಪತ್ತು ಬಸ್ಸಿನವನದೋ?

ಮಲೆನಾಡಿನ ಒಳ ಊರುಗಳಿಗೆ ಬಸ್ಸು ಅಂದರೆ ಬಹಳ ಕಡೆ ಇವತ್ತಿಗೂ ಖಾಸಗಿ ಬಸ್ಸೇ. ತೀರ್ಥಹಳ್ಳಿ, ಹೊಸನಗರ, ಕೊಪ್ಪ, ಶೃಂಗೇರಿ ಕಡೆಯ ಎಷ್ಟೋ ರಸ್ತೆಗಳಲ್ಲಿ ಕಾಲೇಜಿನ ಹುಡುಗ ಹುಡುಗಿಯರನ್ನು, ಆಸ್ಪತ್ರೆಗೆ ಹೊರಟ ಮುದುಕರನ್ನು, ಅಡಿಕೆ ಮಂಡಿಗೆ ಹೋಗುವ ರೈತನನ್ನು, ಪೇಪರ್ ಕಟ್ಟನ್ನು ಹೊತ್ತು ತರುವುದು ಅದೇ. ಆ ಬಸ್ಸಿನ ಹಿಂದೆ ಒಬ್ಬ ಮಾಲೀಕ ಇದ್ದಾನೆ. ಮಾಲೀಕನ ಹಿಂದೆ ಒಂದು ಸಂಘ ಇದೆ. ಬಸ್ಸು ತಡವಾದರೆ ಜನ ಡ್ರೈವರನ್ನು ಬೈಯುತ್ತಾರೆ, ಕಂಡಕ್ಟರನ್ನು ಬೈಯುತ್ತಾರೆ, ಸಿಟ್ಟು ಹೆಚ್ಚಾದರೆ ಮಾಲೀಕನನ್ನೂ ಬೈಯುತ್ತಾರೆ. ಸಂಘವನ್ನು ಯಾರೂ ಬೈಯುವುದಿಲ್ಲ. ಅದು ಏನು ಮಾಡುತ್ತದೆ, ಅದನ್ನು ನಡೆಸುವವರು ಯಾರು, ಅದರ ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನೋದು ಬಸ್ ಸ್ಟ್ಯಾಂಡಿನ ಆಚೆ ಯಾರಿಗೂ ಗೊತ್ತಿಲ್ಲ. ಸ್ಟ್ಯಾಂಡಿನ ಒಳಗೂ ಎಷ್ಟು ಜನಕ್ಕೆ ಗೊತ್ತು ಅನ್ನೋದು ಬೇರೆ ಪ್ರಶ್ನೆ.

ಸಂಘ ಬೇಕೇ ಅಂತ ಕೇಳಿದರೆ ಬೇಕೇ ಬೇಕು. ಒಂದೇ ಬಸ್ಸು ಇಟ್ಟುಕೊಂಡವನ ಪಾಡು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬ್ಯಾಂಕಿನ ಕಂತು, ಮೂರು ತಿಂಗಳಿಗೊಮ್ಮೆ ಮುಂಗಡವಾಗಿ ಕಟ್ಟುವ ಸೀಟಿನ ಲೆಕ್ಕದ ತೆರಿಗೆ, ವರ್ಷದ ವಿಮೆ, ಎಫ್.ಸಿ., ಟೈರು, ಡೀಸೆಲ್ಲು. ಡ್ರೈವರ್ ಬಾರದ ದಿನ ಮಾಲೀಕನೇ ಸ್ಟಿಯರಿಂಗ್ ಹಿಡಿಯಬೇಕು. ಇಂಥವನು ಬೆಂಗಳೂರಿಗೆ ಹೋಗಿ ಸಾರಿಗೆ ಮಂತ್ರಿಯನ್ನು ಕಂಡು ಬರುವುದು ಹೇಗೆ? ವಕೀಲರಿಗೆ ಫೀಸು ಕೊಡುವುದು ಎಲ್ಲಿಂದ?

1976ರಲ್ಲಿ ದೇವರಾಜ ಅರಸರ ಸರಕಾರ ಕಾಂಟ್ರಾಕ್ಟ್ ಕ್ಯಾರೇಜ್ ಬಸ್ಸುಗಳನ್ನು ಕಾನೂನು ಮಾಡಿ ತನ್ನ ವಶಕ್ಕೆ ತೆಗೆದುಕೊಂಡಾಗ ಮಾಲೀಕರು ಸುಪ್ರೀಂ ಕೋರ್ಟಿನ ತನಕ ಹೋದರು. 1977ರಲ್ಲಿ ತೀರ್ಪು ಸರಕಾರದ ಪರ ಆಯಿತು. ಸೋತದ್ದು ಬೇರೆ ಮಾತು. ಅಂಥ ಕೋರ್ಟಿನ ಮೆಟ್ಟಿಲು ಹತ್ತುವುದು ಒಬ್ಬ ಬಡ ಮಾಲೀಕನಿಂದ ಆಗುವ ಕೆಲಸ ಅಲ್ಲ. ಹತ್ತು ಜನ ಕೂಡಿದರೆ ಮಾತ್ರ ಆದೀತು. ಸಂಘ ಹುಟ್ಟುವುದೇ ಇದಕ್ಕೆ.

ಕಾನೂನು ಬದಲಾಯಿತು, ಸಂಘ ಬದಲಾಗಲಿಲ್ಲ

ಹಳೆಯ ಕಾಲದಲ್ಲಿ ಸಂಘಕ್ಕೆ ಕಾನೂನಿನಲ್ಲೇ ಒಂದು ಕುರ್ಚಿ ಇತ್ತು. 1939ರ ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ, ಹೊಸ ಬಸ್ಸಿಗೆ ಪರ್ಮಿಟ್ಟು ಕೊಡುವ ಮುಂಚೆ ಆ ದಾರಿಯಲ್ಲಿ ಆಗಲೇ ಬಸ್ಸು ಓಡಿಸುತ್ತಿದ್ದವರ ಅಹವಾಲನ್ನು ಕೇಳಬೇಕಿತ್ತು. ಸರಕಾರದ ಮಾನ್ಯತೆ ಪಡೆದ ಸಂಘಗಳ ಅಹವಾಲನ್ನೂ ಕೇಳಬೇಕಿತ್ತು. ಹೊಸಬನೊಬ್ಬ ಅರ್ಜಿ ಹಾಕಿದರೆ ಹಳಬರೆಲ್ಲ ಸಾಲಾಗಿ ನಿಂತು ತಕರಾರು ಹೇಳಬಹುದಿತ್ತು. ಸಂಘದ ಅಧ್ಯಕ್ಷರ ಮಾತಿಗೆ ಆಗ ಇದ್ದ ತೂಕವೇ ಬೇರೆ.

1988ರ ಕಾಯ್ದೆ 1989ರ ಜುಲೈ 1ರಿಂದ ಜಾರಿಗೆ ಬಂತು. ಆ ಕುರ್ಚಿ ಹೋಯಿತು. ಅರ್ಜಿ ಹಾಕಿದವನಿಗೆ ಸಾಮಾನ್ಯವಾಗಿ ಪರ್ಮಿಟ್ಟು ನಿರಾಕರಿಸಬಾರದು ಅಂತ 80ನೇ ಸೆಕ್ಷನ್ ಹೇಳಿತು. ಹಳಬರು ಹೊಸಬರಿಗೆ ಅಡ್ಡ ಬರುವ ಹಕ್ಕನ್ನು ಈ ಕಾಯ್ದೆ ಇಟ್ಟಿಲ್ಲ ಎಂದು 1991ರಲ್ಲಿ ಸುಪ್ರೀಂ ಕೋರ್ಟು ಮಿಥಿಲೇಶ್ ಗರ್ಗ್ ಕೇಸಿನಲ್ಲಿ ಸ್ಪಷ್ಟ ಮಾಡಿತು. ಸರಕಾರಿ ನಿಗಮಗಳಿಗೆ ಮೀಸಲಾದ ರೂಟುಗಳ ಮಾತು ಬೇರೆ. ಉಳಿದ ಕಡೆ ಬಾಗಿಲು ಕಾಯುವ ಕೆಲಸ ಸಂಘದ ಕೈ ಬಿಟ್ಟಿತು.

ಹೊರಗಿನವರನ್ನು ತಡೆಯುವ ಕೆಲಸ ಹೋದ ಮೇಲೆ ಉಳಿದದ್ದು ಒಳಗಿನವರನ್ನು ನೋಡಿಕೊಳ್ಳುವ ಕೆಲಸ. ಅಸಲು ಕೆಲಸವೂ ಅದೇ. ಆದರೆ ಬಹಳ ಸಂಘಗಳ ನಡಾವಳಿ ಇನ್ನೂ ಹಳೇ ಕಾಲದ ಗತ್ತಿನಲ್ಲೇ ಇದೆ. ನಾಲ್ಕು ದೊಡ್ಡ ಮಾಲೀಕರು ಕೂತು ತೀರ್ಮಾನ ಮಾಡುವುದು, ಉಳಿದವರು ತಲೆ ಅಲ್ಲಾಡಿಸುವುದು.

ಐದು ನಿಮಿಷದ ಬೆಲೆ

ಸಂಘದ ನಿಜವಾದ ಪರೀಕ್ಷೆ ಟೈಮಿಂಗಿನಲ್ಲಿ. ಊರಿನಿಂದ ಬೆಳಿಗ್ಗೆ ಏಳು ನಲವತ್ತಕ್ಕೆ ಹೊರಡುವ ಬಸ್ಸಿನ ಮುಂದೆ ಏಳು ಮೂವತ್ತೈದಕ್ಕೆ ಇನ್ನೊಂದು ಬಸ್ಸು ಹೊರಟಿತು ಅಂತಿಟ್ಟುಕೊಳ್ಳಿ. ಕಾಲೇಜಿನವರು, ಕೋರ್ಟಿಗೆ ಹೋಗುವವರು, ಆಫೀಸಿನವರು ಎಲ್ಲ ಮೊದಲು ಬಂದ ಬಸ್ಸು ಹತ್ತುತ್ತಾರೆ. ಮುಂದೆ ಹೋದವನಿಗೆ ಸೀಟು ತುಂಬ ಜನ, ಹಿಂದೆ ಬಂದವನಿಗೆ ಡೀಸೆಲ್ ಬಿಲ್ಲು. ಐದು ನಿಮಿಷಕ್ಕೆ ಒಂದು ಮನೆ ಉಳಿಯಲೂ ಬಹುದು, ಮುಳುಗಲೂ ಬಹುದು.

ಕಾನೂನಿನ ಪ್ರಕಾರ ವೇಳೆ ಗೊತ್ತು ಮಾಡುವವರು ಸಾರಿಗೆ ಪ್ರಾಧಿಕಾರದವರು. ಜಿಲ್ಲಾಧಿಕಾರಿಗಳು ಅದಕ್ಕೆ ಅಧ್ಯಕ್ಷರು, ಆರ್.ಟಿ.ಓ. ಸಾಹೇಬರು ಕಾರ್ಯದರ್ಶಿ. ಟೈಮಿಂಗ್ ಸಭೆ ಕರೆಯುತ್ತಾರೆ, ಆಯಾ ರೂಟಿನ ಮಾಲೀಕರನ್ನು ಕೇಳುತ್ತಾರೆ, ಆದೇಶ ಮಾಡುತ್ತಾರೆ. ಆದರೆ ಕಾಗದದ ಮೇಲಿನ ವೇಳೆ ಒಂದು, ಸ್ಟ್ಯಾಂಡಿನಲ್ಲಿ ನಡೆಯುವ ವೇಳೆ ಇನ್ನೊಂದು. ಮಳೆಗಾಲದಲ್ಲಿ ಘಾಟಿ ಕೆಡುತ್ತದೆ, ರಸ್ತೆ ರಿಪೇರಿ ಬರುತ್ತದೆ, ಒಂದು ಬಸ್ಸು ಶೆಡ್ಡಿನಲ್ಲಿ ನಿಲ್ಲುತ್ತದೆ. ದಿನಕ್ಕೆ ಹತ್ತು ಸಲ ಏಳುವ ಈ ತಂಟೆಗಳಿಗೆಲ್ಲ ಆರ್.ಟಿ.ಓ. ಕಚೇರಿಗೆ ಓಡಲು ಆಗುವುದಿಲ್ಲ. ಅಲ್ಲೇ ಬಗೆಹರಿಸಬೇಕು. ಬಗೆಹರಿಸುವವರು ಸಂಘದವರು.

ಇಲ್ಲೇ ಇರುವುದು ಗಂಟು. ತೀರ್ಮಾನ ಹೇಳಲು ಕೂತ ಮಹನೀಯರದೇ ಬಸ್ಸು ಆ ರೂಟಿನಲ್ಲಿ ಓಡುತ್ತಿದ್ದರೆ? ವಾದಿಯೂ ಅವರೇ, ಜಡ್ಜೂ ಅವರೇ. ಒಂದು ಬಸ್ಸಿನವನು ದೂರು ಹೇಳಿದರೆ "ಆಗಲಿ ಕಣಯ್ಯ, ಮುಂದಿನ ಮೀಟಿಂಗಲ್ಲಿ ನೋಡೋಣ" ಅನ್ನುವ ಮಾತು ಸಿದ್ಧವಾಗಿರುತ್ತದೆ. ಮುಂದಿನ ಮೀಟಿಂಗು ಬರುವ ಹೊತ್ತಿಗೆ ಅವನ ಎರಡು ಕಂತು ಬಾಕಿ ಬಿದ್ದಿರುತ್ತದೆ. ನ್ಯಾಯ ಸಿಗದ ಮಾಲೀಕ ಡ್ರೈವರಿಗೆ ಹೇಳುವುದು ಒಂದೇ ಮಾತು: "ಏನಾದರೂ ಮಾಡು, ಅವನಿಗಿಂತ ಮುಂದೆ ಹೋಗು." ತಿರುವಿನಲ್ಲಿ ಓವರ್‌ಟೇಕ್ ಮಾಡುವ ಬಸ್ಸನ್ನು ಕಂಡು ಜನ ಡ್ರೈವರನ್ನು ಶಪಿಸುತ್ತಾರೆ. ಆ ಪೈಪೋಟಿಯ ಬೇರು ಎಷ್ಟೋ ಸಲ ಸಂಘದ ಮೇಜಿನ ಮೇಲೇ ಇರುತ್ತದೆ. ಮಾಲೀಕರ ಒಳಜಗಳ ಅಂತ ಸಾರ್ವಜನಿಕರು ಕೈ ತೊಳೆದುಕೊಳ್ಳುವ ಹಾಗಿಲ್ಲ. ಆ ಬಸ್ಸಿನ ಒಳಗೆ ಕೂತಿರುವವರು ಅವರ ಮಕ್ಕಳು.

ಮಹಾಸಭೆ ಎಂಬ ಊಟ

ವಾರ್ಷಿಕ ಮಹಾಸಭೆ ಬಹಳ ಕಡೆ ಹೇಗೆ ನಡೆಯುತ್ತದೆ ಅನ್ನೋದು ಯಾವ ಸಂಘದ ಸದಸ್ಯನಿಗೂ ಹೊಸತಲ್ಲ. ಪ್ರಾರ್ಥನೆ, ಸ್ವಾಗತ, ಹಾರ ತುರಾಯಿ. ವರದಿಯನ್ನು "ಓದಿದ್ದೆಂದು ಭಾವಿಸಿ" ಅಂಗೀಕಾರ. ಲೆಕ್ಕಪತ್ರಕ್ಕೆ ಚಪ್ಪಾಳೆ. ಪದಾಧಿಕಾರಿಗಳ ಅವಿರೋಧ ಆಯ್ಕೆ. ವಂದನಾರ್ಪಣೆ. ಆಮೇಲೆ ಹೋಳಿಗೆ ಊಟ. ಹೋಳಿಗೆ ಚೆನ್ನಾಗಿತ್ತು ಅನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಬಸ್ಸಿಗೆ ಇಷ್ಟು ಅಂತ ತಿಂಗಳು ತಿಂಗಳು ಕೊಟ್ಟ ವಂತಿಗೆ ಎಷ್ಟು ಕೂಡಿತು? ಏಜೆಂಟರ ಸಂಬಳಕ್ಕೆ ಎಷ್ಟು, ಬೆಂಗಳೂರು ಓಡಾಟಕ್ಕೆ ಎಷ್ಟು, ವಕೀಲರಿಗೆ ಎಷ್ಟು? ಕೇಳಲು ಎದ್ದವನನ್ನು ಪಕ್ಕದವನೇ ಅಂಗಿ ಹಿಡಿದು ಕೂರಿಸುತ್ತಾನೆ. ನಾಳೆ ಅವನ ಟೈಮಿಂಗಿನ ಫೈಲು ಅದೇ ಮೇಜಿಗೆ ಬರಬೇಕಲ್ಲ!

ಕಾನೂನು ಇಷ್ಟು ಸಡಿಲವಾಗೇನೂ ಇಲ್ಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ರಿಜಿಸ್ಟರ್ ಆದ ಸಂಘ ವರ್ಷಕ್ಕೊಮ್ಮೆ ಮಹಾಸಭೆ ನಡೆಸಲೇಬೇಕು. ಸಭೆ ಆದ 14 ದಿನದೊಳಗೆ ಆಡಳಿತ ಮಂಡಳಿಯವರ ಪಟ್ಟಿ, ಆಡಿಟ್ ಆದ ಲೆಕ್ಕ ನೋಂದಣಾಧಿಕಾರಿಗಳ ಕಚೇರಿಗೆ ಮುಟ್ಟಬೇಕು. ಆಡಳಿತದಲ್ಲಿ ಐಬು ಕಂಡರೆ ಮೂರನೇ ಒಂದು ಭಾಗದಷ್ಟು ಸದಸ್ಯರು ಸಹಿ ಹಾಕಿ 25ನೇ ಸೆಕ್ಷನ್ ಕೆಳಗೆ ವಿಚಾರಣೆ ಕೇಳಬಹುದು. ತೀರಾ ಹದಗೆಟ್ಟರೆ ಸರಕಾರ ಆಡಳಿತಾಧಿಕಾರಿಯನ್ನು ನೇಮಿಸಲೂ ಬಹುದು. ಅಷ್ಟು ದೂರ ಹೋಗಬೇಕು ಅಂತ ಯಾರೂ ಹೇಳುವುದಿಲ್ಲ. ಕಾನೂನಿನ ಬೆತ್ತ ಗೋಡೆಗೆ ನೇತಾಡುತ್ತಿದೆ ಅನ್ನೋದು ನೆನಪಿದ್ದರೆ ಸಾಕು.

ಮತ ತಲೆಗೋ, ಬಸ್ಸಿಗೋ?

ದೊಡ್ಡ ಮಾಲೀಕರ ಕಡೆಗೂ ಒಂದು ವಾದ ಇದೆ. ಅದನ್ನು ತಳ್ಳಿ ಹಾಕುವಂತಿಲ್ಲ. "ಇಪ್ಪತ್ತು ಬಸ್ಸಿಗೆ ಇಪ್ಪತ್ತು ವಂತಿಗೆ ಕೊಡೋದು ಯಾರು? ಮುಷ್ಕರ ಆದರೆ ಇಪ್ಪತ್ತು ಬಸ್ಸು ನಿಲ್ಲಿಸಿ ನಷ್ಟ ಮಾಡಿಕೊಳ್ಳೋದು ಯಾರು? ಮಂತ್ರಿಗಳ ಮನೆ ಬಾಗಿಲಲ್ಲಿ ಗಂಟೆಗಟ್ಟಲೆ ಕಾಯೋದು ಯಾರು? ಒಂದು ಬಸ್ಸಿನವರು ಬಂದು ಕಾಯ್ತಾರಾ?" ಅಂತ ಅವರು ಕೇಳುತ್ತಾರೆ. ನಿಜ. ಓಡಾಡುವ ಶಕ್ತಿ, ಪುರುಸೊತ್ತು, ಪರಿಚಯ ಅವರಿಗೇ ಹೆಚ್ಚು. ಅವರು ಇಲ್ಲದಿದ್ದರೆ ಎಷ್ಟೋ ಸಂಘಗಳ ಬಾಗಿಲು ಯಾವತ್ತೋ ಮುಚ್ಚುತ್ತಿತ್ತು.

ಆದರೆ ಅದಕ್ಕೂ ಒಂದು ಉತ್ತರ ಇದೆ. ಇಪ್ಪತ್ತು ಬಸ್ಸಿನವನಿಗೆ ಸಂಘ ಇಲ್ಲದಿದ್ದರೂ ನಡೆಯುತ್ತದೆ. ಅವನಿಗೆ ವಕೀಲರು ಗೊತ್ತು, ಬ್ಯಾಂಕಿನ ಮ್ಯಾನೇಜರ್ ಗೊತ್ತು, ಟೈರಿನ ಏಜೆನ್ಸಿಯವನು ಫೋನು ಮಾಡಿದರೆ ಸಾಕು ಬರುತ್ತಾನೆ. ಸಂಘ ಇಲ್ಲದಿದ್ದರೆ ಬದುಕೇ ಇಲ್ಲ ಅನ್ನುವವನು ಒಂದು ಬಸ್ಸಿನವನು. ಆದ್ದರಿಂದ ವಂತಿಗೆ ಬಸ್ಸಿನ ಲೆಕ್ಕದಲ್ಲಿ ಇರಲಿ, ಮತ ತಲೆಯ ಲೆಕ್ಕದಲ್ಲಿ ಇರಲಿ. ಬೈಲಾದಲ್ಲಿ ಆಗಲೇ ಹಾಗೆ ಬರೆದುಕೊಂಡ ಸಂಘಗಳು ಅದರ ಹಾಗೆ ನಡೆದುಕೊಳ್ಳಲಿ. ಚುನಾವಣೆಗೆ ವಾರ ಇರುವಾಗ ವಂತಿಗೆ ಬಾಕಿಯ ನೆಪ ತೆಗೆದು ಸಣ್ಣವರ ಹೆಸರು ಹೊಡೆದು ಹಾಕುವ ಚಾಳಿ ಎಲ್ಲಿದ್ದರೂ ನಿಲ್ಲಲಿ. ಬಾಕಿ ಇದ್ದರೆ ಆರು ತಿಂಗಳ ಮುಂಚೆ ಒಂದು ಕಾಗದ ಬರೆಯಲು ಎಷ್ಟು ಖರ್ಚಾಗುತ್ತದೆ?

ಮೂವತ್ತು ದಿನದ ಗಡುವು

ಸಂಘ ಮಾಡಬಹುದಾದ ಕೆಲಸಗಳಲ್ಲಿ ದುಡ್ಡು ಬೇಡದ, ಆದರೆ ಮನೆ ಉಳಿಸುವ ಕೆಲಸ ಒಂದಿದೆ. ಅದರ ಕಡೆ ಗಮನ ಕಡಿಮೆ. ಪರ್ಮಿಟ್ಟಿನ ಆಯುಸ್ಸು ಐದು ವರ್ಷ. ಮುಗಿಯುವ 15 ದಿನ ಮುಂಚೆಯೇ ನವೀಕರಣದ ಅರ್ಜಿ ಹಾಕಬೇಕು. ಮರೆತರೆ ತಡ ಆದದ್ದಕ್ಕೆ ಕಾರಣ ಹೇಳುತ್ತಾ ಕಚೇರಿ ಕಚೇರಿ ಅಲೆಯಬೇಕು.

ಅದಕ್ಕಿಂತ ದೊಡ್ಡದು ಮಾಲೀಕ ಸತ್ತಾಗಿನ ಪ್ರಶ್ನೆ. 1988ರ ಕಾಯ್ದೆಯ 82ನೇ ಸೆಕ್ಷನ್ ಪ್ರಕಾರ, ಪರ್ಮಿಟ್ಟಿನ ಯಜಮಾನ ತೀರಿಕೊಂಡರೆ ಬಸ್ಸು ಯಾರ ಕೈಗೆ ಬರುತ್ತದೋ ಅವರು ಮೂರು ತಿಂಗಳು ಅದೇ ಪರ್ಮಿಟ್ಟಿನ ಮೇಲೆ ಬಸ್ಸು ಓಡಿಸಬಹುದು. ಆದರೆ ಸತ್ತ 30 ದಿನದೊಳಗೆ ಪ್ರಾಧಿಕಾರಕ್ಕೆ ತಿಳಿಸಿರಬೇಕು. ಮೂರು ತಿಂಗಳೊಳಗೆ ವರ್ಗಾವಣೆಯ ಅರ್ಜಿ ಹಾಕಬೇಕು.

ಗಂಡ ಸತ್ತ ಮನೆಯಲ್ಲಿ ಹೆಂಡತಿ ಹದಿಮೂರನೇ ದಿನದ ಕಾರ್ಯ ಮುಗಿಸಿ, ಸಾಲದವರ ಮುಖ ನೋಡಿ, ಮಕ್ಕಳ ಫೀಸು ಹೊಂದಿಸಿ ಕೂರುವ ಹೊತ್ತಿಗೆ ಆ ಮೂವತ್ತು ದಿನ ಎಲ್ಲಿ ಹೋಗಿರುತ್ತದೆ? ಆಕೆಗೆ 82ನೇ ಸೆಕ್ಷನ್ ಯಾರು ಹೇಳಬೇಕು? ಹಾರ ಹಾಕಲು ಬಂದ ಸಂಘದವರು ಜೊತೆಗೆ ಒಂದು ಅರ್ಜಿ ಫಾರಂ ತಂದು "ಅಮ್ಮಾ, ಇಲ್ಲೊಂದು ಸಹಿ ಹಾಕಿ, ಉಳಿದದ್ದು ಆಫೀಸಿನಲ್ಲಿ ನೋಡ್ಕೋತಾರೆ" ಅಂದರೆ ಅದಕ್ಕಿಂತ ದೊಡ್ಡ ಶ್ರದ್ಧಾಂಜಲಿ ಇಲ್ಲ. ಎರಡು ನಿಮಿಷದ ಮೌನಕ್ಕಿಂತ ಆ ಒಂದು ಸಹಿ ಮೇಲು.

2020ರ ಲಾಕ್‌ಡೌನಿನಲ್ಲಿ ಬಸ್ಸುಗಳು ಶೆಡ್ಡು ಸೇರಿದಾಗಲೂ ಇದೇ ಪಾಠ ಆಯಿತು. ಬಸ್ಸು ನಿಂತದ್ದನ್ನು ಸಾರಿಗೆ ಇಲಾಖೆಗೆ ಬರೆದು ತಿಳಿಸಿ, ದಾಖಲೆ ಒಪ್ಪಿಸಿ, ತೆರಿಗೆಯ ಭಾರ ಇಳಿಸಿಕೊಳ್ಳುವ ದಾರಿ ಕಾನೂನಿನಲ್ಲಿದೆ. ತಿಳಿದವನಿಗೆ ತಿಳಿದಿತ್ತು. ತಿಳಿಯದವನಿಗೆ ತಿಳಿಸುವುದು ಯಾರ ಹೊಣೆ?

ಸರಕಾರಿ ನಿಗಮಗಳೇ ಕೂಡಿ ಕೊಳ್ಳುವಾಗ

ಇನ್ನೊಂದು ವಿಷಯ. ಸಾವಿರಾರು ಬಸ್ಸು ಇಟ್ಟುಕೊಂಡ ಸರಕಾರಿ ಸಾರಿಗೆ ನಿಗಮಗಳಿಗೂ ಒಂದು ಸಂಘ ಇದೆ. ರಾಜ್ಯ ರಸ್ತೆ ಸಾರಿಗೆ ಸಂಸ್ಥೆಗಳ ಒಕ್ಕೂಟ 1965ರಲ್ಲಿ ಹುಟ್ಟಿತು. ಕಚೇರಿ ದಿಲ್ಲಿಯಲ್ಲಿದೆ. ದೇಶದ ಬೇರೆ ಬೇರೆ ರಾಜ್ಯಗಳ ನಿಗಮಗಳ ಪರವಾಗಿ ಬಿಡಿಭಾಗ ತಯಾರಕರ ಜೊತೆ ಒಟ್ಟಿಗೆ ದರ ಕುದುರಿಸಿ ಕರಾರು ಮಾಡಿಕೊಳ್ಳುವುದು ಅದರ ಮುಖ್ಯ ಕೆಲಸಗಳಲ್ಲೊಂದು. ಸಿಬ್ಬಂದಿಯ ತರಬೇತಿಗೆ, ಸಂಶೋಧನೆಗೆ ಅಂತ ಪುಣೆಯಲ್ಲಿ ಕೇಂದ್ರ ರಸ್ತೆ ಸಾರಿಗೆ ಸಂಸ್ಥೆ 1967ರಲ್ಲಿ ಆದದ್ದು ಕೇಂದ್ರ ಸರಕಾರ ಮತ್ತು ಈ ಒಕ್ಕೂಟ ಕೈ ಸೇರಿಸಿದ್ದರಿಂದ.

ಅಷ್ಟು ದೊಡ್ಡ ನಿಗಮಗಳೇ ಒಂಟಿಯಾಗಿ ಕೊಂಡರೆ ಪೂರೈಸುವುದಿಲ್ಲ ಅಂತ ಕೂಡಿ ಕೊಳ್ಳುತ್ತವೆ. ಒಂದು ಬಸ್ಸಿನ ಮಾಲೀಕ ಮಾತ್ರ ಅಂಗಡಿಯಲ್ಲಿ ಸಾಲಕ್ಕೆ ಟೈರು ತಂದು, ಸಾಲಕ್ಕೆ ಬಡ್ಡಿ ಕಟ್ಟಿ, ಟೈರು ಸವೆದ ಮೇಲೂ ಕಂತು ಕಟ್ಟುತ್ತಾ ಇರುತ್ತಾನೆ. ಜಿಲ್ಲೆಯ ಸಂಘ ವರ್ಷಕ್ಕೆ ಬೇಕಾದ ಟೈರು, ಆಯಿಲ್ಲು, ಬ್ಯಾಟರಿಯ ಲೆಕ್ಕ ತೆಗೆದು ಒಂದೇ ಸಲ ದರ ಕೇಳಿದರೆ ಮಾರುವವರು ಮನೆ ಬಾಗಿಲಿಗೆ ಬರುತ್ತಾರೆ. ಇದಕ್ಕೆ ಬೇಕಾದದ್ದು ಒಂದು ನೋಟ್ ಪುಸ್ತಕ, ಒಬ್ಬ ಗುಮಾಸ್ತ.

ಕೊಪ್ಪದ ಪಾಠ

ಸಾರಿಗೆಯಲ್ಲಿ ಸಣ್ಣವರೂ ಆಡಳಿತ ನಡೆಸಬಲ್ಲರೇ ಅಂತ ಸಂಶಯ ಇದ್ದವರು ದೂರ ಹೋಗಬೇಕಾಗಿಲ್ಲ, ಕೊಪ್ಪದ ಕಡೆ ನೋಡಿದರೆ ಸಾಕು. ಶಂಕರ್ ಟ್ರಾನ್ಸ್‌ಪೋರ್ಟ್ ಕಂಪನಿಯಲ್ಲಿ ಕೆಲಸ ಕಳೆದುಕೊಂಡ ಕಾರ್ಮಿಕರು 1991ರಲ್ಲಿ ಕೈಬೆರಳೆಣಿಕೆಯ ಬಸ್ಸುಗಳಿಂದ ಸಹಕಾರ ಸಾರಿಗೆ ಶುರು ಮಾಡಿದರು. ಡ್ರೈವರ್, ಕಂಡಕ್ಟರ್, ಮೆಕ್ಯಾನಿಕ್ಕೇ ಸದಸ್ಯರು, ಅವರೇ ಮಾಲೀಕರು. ಸಹಕಾರ ಸಂಘದ ನಿಯಮದಂತೆ ಒಬ್ಬನಿಗೆ ಒಂದೇ ಮತ. ಆ ಬಸ್ಸುಗಳು ಹತ್ತಾರಾಗಿ ಬೆಳೆದು ಮಲೆನಾಡಿನ ಮೂಲೆ ಮೂಲೆ ಮುಟ್ಟಿದವು. ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸು ಸಿಕ್ಕಿತು. ಸುಮಾರು ಮೂರು ದಶಕ ನಡೆದ ಆ ಸಂಸ್ಥೆ 2020ರ ಫೆಬ್ರವರಿಯಲ್ಲಿ ನಷ್ಟ ತಾಳಲಾರದೆ ಓಡಾಟ ನಿಲ್ಲಿಸಿತು. ಆ ದಿನ ಮಲೆನಾಡಿನ ಜನ ಮನೆಯವರನ್ನು ಕಳೆದುಕೊಂಡವರ ಹಾಗೆ ಸಂಕಟಪಟ್ಟರು.

ನಿಂತು ಹೋಯಿತಲ್ಲ, ಅದರಿಂದೇನು ಕಲಿಯುವುದು ಅಂತ ಕೆಲವರು ಮೂಗು ಮುರಿದಾರು. ಕಲಿಯುವುದು ಎರಡಿದೆ. ಸ್ಟಿಯರಿಂಗ್ ಹಿಡಿದವನೂ ಟಿಕೆಟ್ ಹರಿದವನೂ ಸೇರಿ ಮೂರು ದಶಕ ಆಡಳಿತ ನಡೆಸಬಲ್ಲರು ಅನ್ನೋದು ಒಂದು. ಒಳಗಿನ ಆಡಳಿತ ಎಷ್ಟೇ ಪ್ರಜಾಸತ್ತೆಯಾಗಿದ್ದರೂ ಡೀಸೆಲ್ ದರ, ಬಿಡಿಭಾಗದ ಬೆಲೆ, ಪೈಪೋಟಿ ಇವನ್ನು ಒಂದೇ ಸಂಸ್ಥೆ ಒಂಟಿಯಾಗಿ ಹೊರಲಾರದು ಅನ್ನೋದು ಎರಡನೆಯದು. ಒಳಗೆ ಸಮಾನತೆಯೂ ಬೇಕು, ಹೊರಗೆ ಒಗ್ಗಟ್ಟೂ ಬೇಕು.

ಆ ಒಗ್ಗಟ್ಟಿನ ಅಗತ್ಯ ಈಗ ಮೊದಲಿಗಿಂತ ಹೆಚ್ಚು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ರಾಜ್ಯದೊಳಗೆ ಉಚಿತ ಪ್ರಯಾಣ ಬಂತು. ಒಳ್ಳೆಯದೇ ಆಯಿತು. ಆದರೆ ಸರಕಾರಿ ಬಸ್ಸು ಬಾರದ ಹಳ್ಳಿಯ ಹೆಣ್ಣುಮಗಳು ಇವತ್ತಿಗೂ ಟಿಕೆಟ್ ಕೊಡಬೇಕು. ಸರಕಾರಿ ಬಸ್ಸಿನ ಜೊತೆ ಒಂದೇ ರಸ್ತೆಯಲ್ಲಿ ಓಡುವ ಖಾಸಗಿಯವನ ಕಲೆಕ್ಷನ್ ಇಳಿಯಿತು. ಅದೇ ವರ್ಷ ಸೆಪ್ಟೆಂಬರ್ 11ರಂದು ಬೆಂಗಳೂರಿನಲ್ಲಿ ಖಾಸಗಿ ಸಾರಿಗೆ ಸಂಘಟನೆಗಳ ಒಕ್ಕೂಟ ಬಂದ್ ಮಾಡಿತು. ಸರಕಾರದ ಜೊತೆ ಮಾತಾಡುವ ಸಂಘಕ್ಕೆ ಬಲ ಬರುವುದು ಹಿಂದೆ ನಿಂತವರ ನಂಬಿಕೆಯಿಂದ. ಟೈಮಿಂಗಿನಲ್ಲಿ ಮೋಸ ಹೋದವನು ಬಂದಿನ ದಿನ ಮನಸಾರೆ ಬಸ್ಸು ನಿಲ್ಲಿಸುತ್ತಾನೆಯೇ?

ಮಾಡಬೇಕಾದ್ದು ಇಷ್ಟೇ

ಜಿಲ್ಲೆ ಜಿಲ್ಲೆಗಳ ಬಸ್ ಮಾಲೀಕರ ಸಂಘಗಳು ಮನಸ್ಸು ಮಾಡಿದರೆ ಬರುವ ಮಹಾಸಭೆಯಲ್ಲೇ ಇಷ್ಟನ್ನು ಮಾಡಬಹುದು. ಟೈಮಿಂಗ್ ತಕರಾರು ಬಂದಾಗ ಆ ರೂಟಿನಲ್ಲಿ ಬಸ್ಸಿರುವ ಪದಾಧಿಕಾರಿ ಕುರ್ಚಿ ಬಿಟ್ಟು ಹೊರಗೆ ಕೂರಲಿ. ತೀರ್ಮಾನ ವಾರದೊಳಗೆ ಬರವಣಿಗೆಯಲ್ಲಿ ಬರಲಿ. ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿಗೆ ಎರಡು ಅವಧಿ ಸಾಕು, ಮೂರನೇ ಸಲ ಇನ್ನೊಬ್ಬರು ಬರಲಿ. ಆಡಳಿತ ಮಂಡಳಿಯಲ್ಲಿ ಒಂದೆರಡು ಬಸ್ಸಿನವರಿಗೆ ಕಡೇಪಕ್ಷ ಮೂರನೇ ಒಂದು ಸ್ಥಾನ ಮೀಸಲಿರಲಿ. ಮೂರು ತಿಂಗಳಿಗೊಮ್ಮೆ ಜಮಾ ಖರ್ಚು ಅಚ್ಚ ಕನ್ನಡದಲ್ಲಿ ನೋಟೀಸ್ ಬೋರ್ಡಿಗೆ ಬರಲಿ. ಯಾರ ಪರ್ಮಿಟ್ಟು, ಎಫ್.ಸಿ., ವಿಮೆ ಯಾವಾಗ ಮುಗಿಯುತ್ತದೆ ಅನ್ನುವ ಒಂದು ರಿಜಿಸ್ಟರು ಕಚೇರಿಯಲ್ಲಿರಲಿ, ತಿಂಗಳ ಮುಂಚೆ ಸದಸ್ಯನಿಗೆ ಒಂದು ಫೋನು ಹೋಗಲಿ. ಮಂಜೂರಾದ ಟೈಮಿಂಗ್ ಪಟ್ಟಿಯನ್ನು ಪ್ರಯಾಣಿಕರಿಗೆ ಕಾಣುವ ಹಾಗೆ ಸ್ಟ್ಯಾಂಡಿನ ಗೋಡೆಯ ಮೇಲೆ ಬರೆಸಲಿ. ವೇಳೆ ಜನಕ್ಕೆ ಗೊತ್ತಾದರೆ ಕದಿಯುವುದು ಕಷ್ಟ.

ಇದಕ್ಕೆ ಯಾವ ಮಂತ್ರಿಯ ಅಪ್ಪಣೆಯೂ ಬೇಡ, ಸರಕಾರದ ಒಂದು ಪೈಸೆಯೂ ಬೇಡ. ಸದಸ್ಯರು ಊಟಕ್ಕೆ ಏಳುವ ಮುಂಚೆ ಕೈ ಎತ್ತಿದರೆ ಸಾಕು. ಲೆಕ್ಕ ಕೇಳಲು ಎದ್ದವನ ಅಂಗಿ ಹಿಡಿದು ಎಳೆಯುವ ಬದಲು ಪಕ್ಕದವನೂ ಅವನ ಜೊತೆ ಎದ್ದು ನಿಂತರೆ ಸಂಘ ಅರ್ಧ ರಿಪೇರಿ ಆದ ಹಾಗೇ. ಉಳಿದರ್ಧವನ್ನು ಹಿರಿಯ ಮಾಲೀಕರು ದೊಡ್ಡ ಮನಸ್ಸು ಮಾಡಿ ತಾವೇ ರಿಪೇರಿ ಮಾಡಲಿ.